ಪುಕ್ಕಟೆ ಕೊಟ್ಟದ್ದಲ್ಲ, ಲೆಕ್ಕ ಹಾಕಿ ಕೊಟ್ಟದ್ದು

ಮಾನ್ಯ ಸಂಪಾದಕರೇ,

ಮೇಜಿನ ಸುತ್ತ ಕೂತು ಕಥೆ ಕಟ್ಟುತ್ತ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಲೈಸೆನ್ಸ್ ಜಗಳದ ಬಗ್ಗೆ ನಿಮ್ಮ ಕಳೆದ ಸಂಚಿಕೆಯ ಲೇಖನ ಓದಿದೆ. ಅಮೆರಿಕದ ಕಂಪನಿಯೊಂದು ತಾನು ಪುಕ್ಕಟೆ ಕೊಟ್ಟಿದ್ದಕ್ಕೆ ಪಾಲು ಕೇಳಿತು, ಜನ ಕೂಗಾಡಿದರು, ಕಂಪನಿ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿತು, ಅಲ್ಲಿಗೆ ಮುಗಿಯಿತು ಎನ್ನುತ್ತಾರೆ ಲೇಖಕರು. ಪುಸ್ತಕ ಅಚ್ಚು ಹಾಕಿಸಿ ಮಾರುವ ಕಸುಬಿನವನು ನಾನು. ಬಿಡುವಾದಾಗ ಗೆಳೆಯರ ಜೊತೆ ಇದೇ ಆಟಕ್ಕೆ ಕೂರುವವನೂ ಹೌದು. ಈ ಮಾತು ಒಪ್ಪಲಾರೆ.

ಮೊದಲಿಗೆ ಆ ಪುಕ್ಕಟೆಯ ವಿಷಯ. ಆಟವನ್ನು ಮಾರುಕಟ್ಟೆಗೆ ತಂದ ಟಿಎಸ್‌ಆರ್ ಸಾಲದಲ್ಲಿ ಮುಳುಗಿದಾಗ, 1997ರಲ್ಲಿ ಅದನ್ನು ಕೊಂಡದ್ದು ವಿಜರ್ಡ್ಸ್ ಆಫ್ ದಿ ಕೋಸ್ಟ್. 2000ದಲ್ಲಿ ಮೂರನೇ ಆವೃತ್ತಿಯ ಜೊತೆ, ಆಟದ ನಿಯಮಗಳನ್ನು ಹೊರಗಿನವರೂ ಪುಕ್ಕಟೆ ಬಳಸಲು ಬಿಡುವ ‘ಓಪನ್ ಗೇಮ್ ಲೈಸೆನ್ಸ್’ ಬಂತು. ಅದರ ಹಿಂದಿದ್ದ ರಯಾನ್ ಡ್ಯಾನ್ಸಿ ದಾನಶೂರ ಕರ್ಣನೇನಲ್ಲ, ವ್ಯಾಪಾರ ಬಲ್ಲವರು. ನಿಯಮಗಳ ಮೂಲ ಪುಸ್ತಕ ಮೇಜಿನ ಸುತ್ತ ಕೂತ ಎಲ್ಲರಿಗೂ ಬೇಕು. ಸಾಹಸಕಥೆಯ ಪುಸ್ತಿಕೆ ಆಟ ನಡೆಸುವ ಒಬ್ಬರಿಗೆ ಸಾಕು. ಲಾಭ ಕಡಿಮೆಯಿರುವ ಆ ಪುಸ್ತಿಕೆಗಳನ್ನು ಹೊರಗಿನ ಪ್ರಕಾಶಕರು ತರಲಿ, ಅವನ್ನು ಆಡಲು ಜನ ನಮ್ಮ ಮೂಲ ಪುಸ್ತಕವನ್ನೇ ಕೊಳ್ಳುತ್ತಾರೆ ಎಂಬುದು ಲೆಕ್ಕ. ಬಂಡವಾಳ ಅವರದು, ನಷ್ಟವಾದರೆ ಅದೂ ಅವರದು, ಖರ್ಚಾಗುವ ಪುಸ್ತಕ ಮಾತ್ರ ನಮ್ಮದು. ನನಗೆ ಯಾರಾದರೂ ಇಂಥ ಏರ್ಪಾಡು ಮಾಡಿಕೊಡುವುದಾದರೆ ನಾಳೆಯೇ ಸಹಿ ಹಾಕುತ್ತೇನೆ.

2008ರ ನಾಲ್ಕನೇ ಆವೃತ್ತಿಗೆ ಕಂಪನಿ ಬಿಗಿಯಾದ ಬೇರೊಂದು ಲೈಸೆನ್ಸ್ ಮಾಡಿತು. ಹಿಂದಿನ ವರ್ಷದವರೆಗೆ ಈ ಆಟದ ಪತ್ರಿಕೆಗಳನ್ನು ಹೊರತರುತ್ತಿದ್ದ ಪೈಜೊ, ಹಳೆಯ ಲೈಸೆನ್ಸಿನಡಿ ಹಳೆಯ ನಿಯಮಗಳನ್ನೇ ತಿದ್ದಿ 2009ರಲ್ಲಿ ‘ಪಾತ್‌ಫೈಂಡರ್’ ತಂದಿತು. ಇದು ಉಂಡ ಮನೆಗೆ ಎರಡು ಬಗೆದದ್ದು ಎನ್ನುವ ಧಾಟಿ ಲೇಖನದಲ್ಲಿದೆ. ಮಾಲೀಕರು ಕೈಬಿಟ್ಟ ನಿಯಮಗಳು ಆಡುವವರಿಗೆ ಬೇಕಿದ್ದವು, ಉಳಿದವು. ಮುಕ್ತ ಲೈಸೆನ್ಸ್ ಇರುವುದೇ ಅದಕ್ಕಲ್ಲವೇ?

ಇನ್ನು ‘ಪಾಲು’. 2023ರ ಜನವರಿಯಲ್ಲಿ ಸೋರಿಕೆಯಾದ, ಕಂಪನಿಯ ಹೊಸ ಲೈಸೆನ್ಸಿನ ಕರಡಿನ ಪ್ರಕಾರ ವರ್ಷಕ್ಕೆ 7.5 ಲಕ್ಷ ಡಾಲರ್ ದಾಟಿದ ವಹಿವಾಟಿನ ಮೇಲೆ ನೂರಕ್ಕೆ 25 ಕಟ್ಟಬೇಕಿತ್ತು. ಲಾಭದ ಮೇಲಲ್ಲ, ಬಂದ ಒಟ್ಟು ಹಣದ ಮೇಲೆ. 10 ಲಕ್ಷ ಡಾಲರ್ ವಹಿವಾಟು ಮಾಡಿದವರು 62,500 ಡಾಲರ್ ತೆರಬೇಕು. ಕಾಗದ, ಮುದ್ರಣ, ಚಿತ್ರಕಾರರ ಸಂಭಾವನೆ, ಸಾಗಣೆ, ಅಂಗಡಿಯವರ ಕಮಿಷನ್ ಕಳೆದು ನೂರಕ್ಕೆ ಆರು ಉಳಿದಿದ್ದರೆ ಅವರ ಲಾಭ 60,000. ಲಾಭವನ್ನೆಲ್ಲ ಕೊಟ್ಟು, ಮೇಲೆ ಕೈಯಿಂದ 2,500 ಹಾಕಬೇಕು! ಸಾಲದ್ದಕ್ಕೆ, ಹೊರಗಿನವರು ಬರೆದದ್ದನ್ನು ಕಂಪನಿ ಕಾಸು ಕೊಡದೆ ಎಂದೆಂದಿಗೂ ಬಳಸಬಹುದು, 30 ದಿನದ ನೋಟಿಸ್ ಕೊಟ್ಟು ಷರತ್ತು ಬದಲಿಸಬಹುದು ಎಂದೂ ಇತ್ತು.

ಆದರೆ ಜನ ನಿಜಕ್ಕೂ ಬೆಚ್ಚಿದ್ದು ಹಳೆಯ ಲೈಸೆನ್ಸ್ ಇನ್ನು ಅಧಿಕೃತವಲ್ಲ ಎಂಬ ಸಾಲಿಗೆ. ಇಂಥ ಯಾವುದಾದರೂ ಪುಸ್ತಕದ ಕೊನೆಯ ಪುಟ ತೆಗೆದು ನೋಡಿ. ಇರುವೆ ಸಾಲಿನಂಥ ಅಕ್ಷರಗಳಲ್ಲಿ ಲೈಸೆನ್ಸಿನ ಪೂರ್ತಿ ಪಾಠ, ಅದರ 15ನೇ ಕಲಮಿನಲ್ಲಿ ಬಳಸಿಕೊಂಡ ಪುಸ್ತಕಗಳ ಪಟ್ಟಿ ಇರುತ್ತದೆ. ಒಬ್ಬರ ರಾಕ್ಷಸನನ್ನು ಇನ್ನೊಬ್ಬರು, ಅವರ ಮಂತ್ರವನ್ನು ಮತ್ತೊಬ್ಬರು ಪಡೆದು ಬೆಳೆದ ಸರಪಳಿ ಅದು. 4ನೇ ಕಲಮು ಈ ಅನುಮತಿ ಶಾಶ್ವತ ಎನ್ನುತ್ತದೆ. ವಾಪಸ್ ಪಡೆಯುವಂತಿಲ್ಲ ಎಂದು ಮಾತ್ರ ಎಲ್ಲೂ ಬರೆದಿಲ್ಲ. ಕಂಪನಿ ಕೈ ಹಾಕಿದ್ದು ಆ ಸಂದಿಗೆ. ಲೈಸೆನ್ಸಿನ ಹೊಸ ಆವೃತ್ತಿ ಒಪ್ಪಿಗೆಯಾಗದಿದ್ದರೆ ಹಳೆಯದನ್ನೇ ಬಳಸಬಹುದೆಂದು ಹಿಂದೆ ತಾನೇ ವಿವರಣೆ ಕೊಟ್ಟಿದ್ದ ಕಂಪನಿ ಇದು.

ದೊಡ್ಡ ಮನಸ್ಸಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತಿದ್ದಿದ ಕರಡಿನ ಬಗ್ಗೆ ಕಂಪನಿಯೇ ಸಮೀಕ್ಷೆ ನಡೆಸಿತು. 15,000ಕ್ಕೂ ಹೆಚ್ಚು ಜನ ಉತ್ತರಿಸಿದರು, ಅದರಡಿ ಪುಸ್ತಕ ತರಲೊಲ್ಲೆವು ಎಂದವರು ನೂರಕ್ಕೆ 88. ಜನವರಿ 27ರಂದು ಹಳೆಯ ಲೈಸೆನ್ಸನ್ನು ಮುಟ್ಟುವುದಿಲ್ಲ ಎಂದರು, ಐದನೇ ಆವೃತ್ತಿಯ ನಿಯಮಪಾಠ 5.1ನ್ನು ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟರು. ಆ ಲೈಸೆನ್ಸ್ ಕಂಪನಿಯ ಕೈಯಲ್ಲಿಲ್ಲ. ಹೆಸರು ನಮೂದಿಸಿದರೆ ಸಾಕು, ಕೊಟ್ಟವರು ಹಿಂಪಡೆಯುವಂತಿಲ್ಲ. (2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತಗೊಳಿಸಿದ್ದೂ ಇದೇ ಬಳಗದ ಲೈಸೆನ್ಸಿನಡಿ.) 2025ರಲ್ಲಿ 5.2ನ್ನೂ ಹಾಗೆಯೇ ಬಿಟ್ಟದ್ದು ಒಳ್ಳೆಯದೇ ಆಯಿತು.

ಆದರೆ ‘ಮುಗಿಯಿತು’ ಎನ್ನಲು ಬಾರದು. ಪಾತ್‌ಫೈಂಡರ್‌ನ ಮೊದಲ ಆವೃತ್ತಿ, ಮೂರನೇ ಆವೃತ್ತಿಯ ಕಾಲದ ಹೊರಗಿನವರ ಪುಸ್ತಕಗಳು ಇಂದಿಗೂ ಆ ಹಳೆಯ ಲೈಸೆನ್ಸನ್ನೇ ನಂಬಿಕೊಂಡಿವೆ. ಪೈಜೊ ‘ಓಆರ್‌ಸಿ’ ಎಂಬ ಬೇರೆ ಲೈಸೆನ್ಸ್ ಬರೆಸಿತು. ತನ್ನ ಎರಡನೇ ಆವೃತ್ತಿಯ ಮೂಲ ಪುಸ್ತಕಗಳನ್ನೇ ಹೊಸದಾಗಿ ಹೆಣೆಯಿತು. ಆಡುವವರ ಬಾಯಲ್ಲಿ ಕೂತಿದ್ದ ‘ಮ್ಯಾಜಿಕ್ ಮಿಸೈಲ್’ ಮಂತ್ರ ‘ಫೋರ್ಸ್ ಬರಾಜ್’ ಆಯಿತು. ಇದು ಪೈಜೊಗೆ ಸಾಧ್ಯವಾಯಿತು. ಇಬ್ಬರು ಮೂವರು ಸೇರಿ ನಡೆಸುವ ಪ್ರಕಾಶನಗಳು ದಾಸ್ತಾನಿನಲ್ಲಿರುವ ಪುಸ್ತಕಗಳನ್ನು ಮತ್ತೆ ಬರೆಸಿ, ಪುಟ ಕಟ್ಟಿಸಿ, ಅಚ್ಚು ಹಾಕಿಸುವ ದುಡ್ಡು ಎಲ್ಲಿಂದ ತರಬೇಕು? ಮೂರನೇ ಆವೃತ್ತಿಯ ನಿಯಮಪಾಠವೂ ಕ್ರಿಯೇಟಿವ್ ಕಾಮನ್ಸ್‌ಗೆ ಬರಬೇಕು. ಲೇಖಕರು ಈ ವಿಷಯಕ್ಕೆ ಇನ್ನೊಮ್ಮೆ ಕೈ ಹಾಕಿದರೆ ಅಂಥ ಸಣ್ಣ ಪ್ರಕಾಶಕರೊಬ್ಬರನ್ನಾದರೂ ಮಾತನಾಡಿಸಲಿ.

ಇಂತಿ,
ನಿಮ್ಮ ಓದುಗ, ಬೆಂಗಳೂರು