ಮೊಳಕಾಲು ಬದಲಾದ್ರೂ ಹೊಲ ಬಿಡಬ್ಯಾಡ್ರಿ

ಮೊಳಕಾಲ ಕೀಲು ಬದಲಿ ಆದಮ್ಯಾಲ "ಇನ್ನ ಮನ್ಯಾಗೇ ಕುಂದ್ರು" ಅಂದ್ರು. ಕುಂತೆ. ತೊಡಿ ಸೊರಗಿತು, ಮೈ ಬಂತು. ಹೋದ ಸಲ ಯಳ್ಳಮಾಸಿಗಿ ಜನವಾಡದ ಮನಿ ಮಂದಿಯೆಲ್ಲಾ ಹೊಲಕ್ಕ ಹೋದ್ರು. ಭಜ್ಜಿ ಕುದಿಸಿದಾಕಿ ನಾನೇ, ಮನಿ ಕಾಯ್ದಾಕಿನೂ ನಾನೇ.

ಅಕ್ಕಂದಿರೇ, ಕುಂದ್ರು ಅನ್ನೋರು ನೆಲದ ಮ್ಯಾಲ ಕುಂತು ರೊಟ್ಟಿ ಬಡಿಯೋದು ಬಿಡಸ್ತಾರೇನ್ರಿ? ಮೊಳಕಾಲಿಗಿ ತ್ರಾಸ ಕೊಡೋದು ಕುಕ್ಕರಗಾಲು, ಸಪಾಟ ದಾರಿ ಅಲ್ಲ. ನಡದ್ರ ತೊಡಿಗಿ ಕಸುವು ಬರ್ತದ, ಕೀಲಿಗಿ ಆಸರ ಆಗ್ತದ. ಮೈ ಒಂದ್ ಕಿಲೋ ಇಳಿದ್ರ ಹೆಜ್ಜಿ ಹೆಜ್ಜಿಗೂ ಮೊಳಕಾಲ ಮ್ಯಾಲಿನ ಭಾರ ಸುಮಾರು 4 ಕಿಲೋ ಕಮ್ಮಿ ಆಗ್ತದ.

ಡಾಕ್ಟರ್‌ಗ ಕೇಳಿ, ಈಗ ಒಲಿ ಕಟ್ಟಿ ಮ್ಯಾಲ ಇಟ್ಟೀನಿ. ಮುಂಜಾನಿ ಕೋಲು ಹಿಡ್ಕೊಂಡು ನಡೀತೀನಿ. ಈ ಸಲ ಚರಗ ಚೆಲ್ಲೋರ ಹಿಂದ ನಾನೂ ಇರ್ತೀನಿ.