ಹೃದ್ರೋಗ ಸಂಶೋಧನೆ: ರೋಗಿಯ ದನಿಗೂ ಸ್ಥಾನವಿರಲಿ

ಬಾದಾಮಿ ತಾಲ್ಲೂಕಿನ ಕೆರೂರಿನಂಥ ಪಟ್ಟಣದಲ್ಲಿ ಹೃದಯಾಘಾತವಾದರೆ ರೋಗಿಯ ಮೊದಲ ವೈರಿ ಕಾಲವೇ. 2023ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದನ್ನರಿತೇ ರೂಪುಗೊಂಡಿತು. ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ಪರಿಶೀಲಿಸುತ್ತಾರೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡಲಾಗುತ್ತದೆ.

ಆದರೆ ಜೀವ ಉಳಿದ ಮೇಲಿನ ಬದುಕು? ಮತ್ತೆ ಮಗ್ಗದ ಮುಂದೆ ಕೂರುವುದೆಂದು, ಮಾತ್ರೆ ತಪ್ಪಿದರೆ ಗತಿಯೇನು ಎಂಬ ಅಂಜಿಕೆ ಅದೇ ನೋವು ಉಂಡವರೊಡನೆ ಹೇಳಿಕೊಂಡಾಗಲೇ ಹಗುರಾಗುವುದು. ಅಮೆರಿಕದಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದವರು 1951ರಲ್ಲಿಯೇ 'ಮೆಂಡೆಡ್ ಹಾರ್ಟ್ಸ್' ಎಂಬ ಸಂಘ ಕಟ್ಟಿಕೊಂಡರು. ಅಲ್ಲಿಯೇ 2010ರ ಆರೋಗ್ಯ ಕಾಯ್ದೆಯಡಿ ಹುಟ್ಟಿದ ಸಂಸ್ಥೆಯೊಂದು, ಸಂಶೋಧನೆಯ ಪ್ರಶ್ನೆಗಳನ್ನು ರೂಪಿಸುವ ಹಂತದಲ್ಲಿಯೇ ರೋಗಿಗಳ ಸಲಹೆ ಪಡೆಯುತ್ತದೆ.

ನಮ್ಮಲ್ಲಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ನೈತಿಕ ಸಮಿತಿಯಲ್ಲಿ ಒಬ್ಬ ಜನಸಾಮಾನ್ಯರಿರಬೇಕೆಂದು ವಿಧಿಸಿವೆ. ಆದರೆ ಅವರು ರೋಗವನ್ನು ಅನುಭವಿಸಿದವರೇ ಆಗಿರಬೇಕೆಂದಿಲ್ಲ. ರಕ್ತನಾಳದ ತಡೆಯನ್ನು ಉಪಕರಣ ಅಳೆಯಬಲ್ಲದು. ತಪಾಸಣೆಗಾಗಿ ಬಿಟ್ಟ ದಿನಗೂಲಿಯ ಲೆಕ್ಕ ರೋಗಿಗಷ್ಟೇ ಗೊತ್ತು. ಅಂಥವರನ್ನು ಮೊದಲೇ ಕರೆದು ಕೇಳುವುದು ಔದಾರ್ಯವಲ್ಲ, ಸಂಶೋಧನೆಯ ಅಗತ್ಯ.