ನೆಲ ನಡುಗಿದ ಮೇಲೆ

"ಮುಂಬಯಿಗೆ ಭೂಕಂಪವೇ? ಅದೆಲ್ಲ ಜಪಾನಿಗೆ, ಗುಜರಾತಿಗೆ" ಎಂದು ನಗುವವರು ನಮ್ಮ ಹೊಟೇಲು ಮಾಲಿಕರಲ್ಲಿಯೂ ಇದ್ದಾರೆ, ನಮ್ಮ ಸಂಘಗಳ ವೇದಿಕೆಯೇರುವ ಮುಖಂಡರಲ್ಲಿಯೂ ಇದ್ದಾರೆ. ಈ ಮಹನೀಯರೊಡನೆ ನಾವಿಂದು ಸ್ವಲ್ಪ ಜಗಳವಾಡಬೇಕಾಗಿದೆ. ನೆಲ ನಡುಗುವುದು ಕೆಲವು ಕ್ಷಣಗಳ ಮಾತು. ಅದನ್ನು ತಡೆಯಲು ಮಾಲಿಕನಿಂದಲೂ ಆಗದು, ಸರಕಾರದಿಂದಲೂ ಆಗದು. ಆದರೆ ಅದರ ಬೆನ್ನಿಗೆ ಬರುವ ನೀರು, ಬೆಂಕಿ, ಕತ್ತಲೆಗಳಿಗೆ ಬಲಿಯಾಗತಕ್ಕವರು ಯಾರೆಂಬುದನ್ನು ಮನುಷ್ಯರೇ ಮೊದಲು ಗೊತ್ತುಮಾಡಿಟ್ಟಿರುತ್ತಾರೆ.

ನೀರಿನ ಮಾತನ್ನೇ ಮೊದಲು ತೆಗೆದುಕೊಳ್ಳೋಣ. 1945ರ ನವೆಂಬರ್ 28ರಂದು ನಸುಕಿನ ಮೂರೂವರೆಯ ಸುಮಾರಿಗೆ ಬಲೂಚಿಸ್ತಾನದ ಮಕ್ರಾನ್ ತೀರದಾಚೆ ಕಡಲ ತಳ ಕಂಪಿಸಿತು. ಮುಂಬಯಿಯ ದಡಕ್ಕೆ ಆಳೆತ್ತರದ ನೀರು ಬಂದದ್ದು ಬೆಳಿಗ್ಗೆ ಎಂಟು ದಾಟಿದ ಮೇಲೆ. ವರ್ಸೋವಾದಲ್ಲಿ ಮೀನು ಹಿಡಿಯುತ್ತಿದ್ದವರು, ಹಾಜಿ ಅಲಿಯಲ್ಲಿದ್ದವರು ಹೀಗೆ ಹತ್ತಕ್ಕೂ ಹೆಚ್ಚು ಮಂದಿ ಕೊಚ್ಚಿಹೋದರು. ಜುಹು, ದಾಂಡಾಗಳಲ್ಲಿ ದೋಣಿಗಳು ಕಟ್ಟು ಹರಿದುಕೊಂಡವು. ನಡುವೆ ಹೆಚ್ಚುಕಡಿಮೆ ಐದು ತಾಸು ಇತ್ತು. ಆ ಐದು ತಾಸಿನಲ್ಲಿ ಆ ಬಡವರಿಗೆ ಒಂದು ಎಚ್ಚರಿಕೆಯ ಮಾತು ತಲುಪಲಿಲ್ಲ. 2007ರಿಂದ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆಯ ಕೇಂದ್ರವಿದೆ. ಸಂತೋಷ. ಅಲ್ಲಿಂದ ಮಂತ್ರಾಲಯಕ್ಕೆ ಸುದ್ದಿ ನಿಮಿಷಗಳಲ್ಲಿ ಬಂದೀತು. ಮಂತ್ರಾಲಯದಿಂದ ಭಾವುಚಾ ಧಕ್ಕೆಯಲ್ಲಿ ಬಲೆ ಬಿಡಿಸುತ್ತ ಕುಳಿತ ನಮ್ಮ ಮೊಗವೀರ ಬಂಧುವಿನ ಕಿವಿಗೆ ಅದನ್ನು ಒಯ್ಯುವವರು ಯಾರು?

ಗುಡ್ಡಗಳ ವಿಷಯದಲ್ಲಿ ವಾದವೇ ಬೇಡ. 2000ದ ಜುಲೈಯಲ್ಲಿ ಬರೀ ಮಳೆಗೆ ಘಾಟ್‌ಕೋಪರದ ಗುಡ್ಡ ಕುಸಿದು ಅರವತ್ತಕ್ಕೂ ಹೆಚ್ಚು ಜನ ಮಣ್ಣಾದರು. ಮಳೆಗೇ ನಿಲ್ಲದ್ದು ನಡುಕಕ್ಕೆ ನಿಂತೀತೇ?

ಆದರೆ ನಮ್ಮವರ ಮಟ್ಟಿಗೆ ಎಲ್ಲಕ್ಕಿಂತ ಹತ್ತಿರದ್ದು ಬೆಂಕಿ. 1923ರ ಸೆಪ್ಟೆಂಬರ್ 1ರಂದು ಟೋಕಿಯೋ, ಯೋಕೋಹಾಮಾಗಳು ನಡುಗಿದಾಗ ಹಗಲು ಹನ್ನೆರಡಕ್ಕೆ ಎರಡೇ ನಿಮಿಷ ಬಾಕಿ. ಮನೆಮನೆಯಲ್ಲೂ ಊಟಕ್ಕೆ ಒಲೆ ಹೊತ್ತಿತ್ತು. ಒಲೆಗಳು ಉರುಳಿದವು, ಗಾಳಿ ಬೀಸಿತು, ನೀರಿನ ಕೊಳವೆಗಳು ನೆಲದಡಿಯಲ್ಲೇ ಒಡೆದಿದ್ದವು. ಸತ್ತವರು ಒಂದು ಲಕ್ಷಕ್ಕೂ ಮೇಲೆ. ಅವರಲ್ಲಿ ಬಹುಪಾಲು ಜನ ಗೋಡೆಯಡಿ ಸಿಕ್ಕವರಲ್ಲ, ಬೆಂದುಹೋದವರು.

ಒಲೆ ಹೊತ್ತುವ ಹೊತ್ತು ನಮಗೂ ಗೊತ್ತು. 1967ರ ಡಿಸೆಂಬರ್ 11ರಂದು ಕೊಯ್ನಾ ಕಂಪಿಸಿದ್ದು ಬೆಳಗಿನ ಜಾವ ನಾಲ್ಕು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ. ಅಲ್ಲಿ ಇನ್ನೂರರಷ್ಟು ಮಂದಿ ತೀರಿಕೊಂಡರು. ಇನ್ನೂರು ಕಿಲೋಮೀಟರು ದೂರದ ಮುಂಬಯಿಯೂ ಅಲುಗಿತು, ಕೊಯ್ನಾದ ವಿದ್ಯುತ್ತು ನಿಂತು ಇಲ್ಲಿನ ಕಾರಖಾನೆಗಳಿಗೆ ಪೆಟ್ಟು ಬಿತ್ತು. ನಾಲ್ಕೂಕಾಲು ಎಂದರೇನು? ಇಡ್ಲಿಯ ಹಬೆಪಾತ್ರೆಯನ್ನು ಒಲೆಗೇರಿಸುವ ವೇಳೆ. ಅಡಿಗೆಯವ ಕೆಳಗೆ, ಉಳಿದ ಹುಡುಗರು ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ಸಾಲಾಗಿ ನಿದ್ದೆಯಲ್ಲಿ. ಇಳಿಯಲು ಒಂದೇ ಏಣಿ. ಹಿಂಬಾಗಿಲಿಗೆ ಅಕ್ಕಿಚೀಲ ಅಡ್ಡ. ದೀಪ ಆರಿದರೆ ಏಣಿ ಯಾವ ಕಡೆಗಿದೆಯೆಂದು ಹೇಳುವವರಿಲ್ಲ.

ಭೂಕಂಪದ ತನಕ ಕಾಯಬೇಕಾಗಿಯೂ ಇಲ್ಲ. 2017ರ ಡಿಸೆಂಬರ್ 18ರ ನಸುಕಿನಲ್ಲಿ ಸಾಕಿನಾಕಾದ ಒಂದು ಫರಸಾಣ ಅಂಗಡಿಗೆ ಬೆಂಕಿ ಬಿದ್ದಾಗ ಒಳಗೇ ಮಲಗಿದ್ದ ಹನ್ನೆರಡು ಮಂದಿ ಕಾರ್ಮಿಕರು ಸತ್ತರು. ನೆಲ ಒಂದಿಷ್ಟೂ ಅಲುಗಿರಲಿಲ್ಲ. ಒಂದೇ ಅಂಗಡಿ ಹೊತ್ತಿದ್ದರಿಂದ ಅಗ್ನಿಶಾಮಕ ದಳ ಅಲ್ಲಿಗಾದರೂ ಬಂತು. ಏಕಕಾಲಕ್ಕೆ ನೂರು ಕಡೆ ಹೊತ್ತಿ, ಹಳೆಯ ಚಾಳುಗಳ ಗೋಡೆ ಗಲ್ಲಿಗಳಿಗೆ ಬಿದ್ದ ದಿನ ಯಾವ ಬಂಬು ಎಲ್ಲಿಗೆ ಹೋದೀತು?

ಮಾಲಿಕರ ಉತ್ತರ ನಮಗೆ ಬಾಯಿಪಾಠ. "ನಾವೂ ಅದೇ ಅಟ್ಟದಲ್ಲಿ ಮಲಗಿ, ರಾತ್ರಿ ಶಾಲೆಗೆ ಹೋಗಿ ಮೇಲೆ ಬಂದವರು. ಈ ಬಾಡಿಗೆಯಲ್ಲಿ ಹುಡುಗರಿಗೆ ಬೇರೆ ಕೋಣೆ ಎಲ್ಲಿಂದ ತರೋಣ?" ಮೊದಲನೆಯ ಮಾತು ಅನೇಕರ ವಿಷಯದಲ್ಲಿ ನಿಜ, ಅದಕ್ಕೆ ನಮಗೆ ಗೌರವವಿದೆ. ಆದರೆ ಸ್ವಾಮಿ, ಅಂದು ನಿಮ್ಮ ಅಟ್ಟದ ಕೆಳಗಿದ್ದದ್ದು ಇದ್ದಿಲ ಒಲೆ. ಇಂದಿನ ಹುಡುಗನ ತಲೆದಿಂಬಿನ ಕೆಳಗೆ ಗ್ಯಾಸಿನ ಸಿಲಿಂಡರುಗಳ ಸಾಲು. ಕೋಣೆಯ ಮಾತು ಒತ್ತಟ್ಟಿಗಿರಲಿ. ಗ್ಯಾಸನ್ನು ಅಡಿಗೆಮನೆಯ ಹೊರಗಿನಿಂದ ನಿಲ್ಲಿಸುವ ಒಂದು ತಿರುಪಿಗೆ, ಒಂದು ಬ್ಯಾಟರಿ ದೀಪಕ್ಕೆ, ಚೀಲ ಸರಿಸಿದ ಹಿಂಬಾಗಿಲಿಗೆ ಎಷ್ಟು ಬಾಡಿಗೆ ಬೇಕು? ಹುಡುಗ ಬಾಯಿ ತೆರೆದರೆ "ಊರಿನವನೆಂದು ಕರೆತಂದೆ, ಅನ್ನದ ಋಣ ಮರೆತೆಯಾ" ಎನ್ನುತ್ತೀರಿ. ಊರಿನ ಆ ತಾಯಿಗೆ ನೀವು ಕೊಟ್ಟ ಮಾತೂ ಒಂದು ಋಣವಲ್ಲವೇ?

ಸಂಘಗಳ ಮುಖಂಡರಿಗೂ ಒಂದು ಮಾತು. ಯಕ್ಷಗಾನ ನಡೆಯಲಿ, ನಮಗೂ ಅದು ಪ್ರೀತಿ. ಶಾಲು, ಹಾರ, ಫಲತಾಂಬೂಲವೂ ಆಗಲಿ. ಆದರೆ ಮುಂದಿನ ಮಹಾಸಭೆಯಲ್ಲಿ ಲೆಕ್ಕಪತ್ರ ಓದುವ ಮುಂಚೆ ವೇದಿಕೆಯಲ್ಲಿ ಕುಳಿತ ಪ್ರತಿಯೊಬ್ಬ ಹೊಟೇಲು ಮಾಲಿಕರನ್ನು ನಮ್ಮ ಸದಸ್ಯರು ಕೇಳಬೇಕು: ತಮ್ಮ ಹುಡುಗರು ಎಲ್ಲಿ ಮಲಗುತ್ತಾರೆ, ಹಿಂಬಾಗಿಲು ತೆರೆಯುತ್ತದೆಯೇ, ಗ್ಯಾಸು ನಿಲ್ಲಿಸುವ ತಿರುಪು ಎಲ್ಲಿದೆ? ಉತ್ತರ ಬರುವ ತನಕ ಹಾರಗಳು ತಟ್ಟೆಯಲ್ಲೇ ಇರಲಿ.